ಬಿಡದಿಯಲ್ಲಿ ಹಳಿ ಇದೆ, ರೈಲು ಕೊಡಿ: ಬೆಂಗಳೂರಿನ ಸಾರಿಗೆ ನೋಡಿಕೊಳ್ಳುವವರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನ ರೈಲು, ಬಸ್ಸು, ಮೆಟ್ರೊ, ರಸ್ತೆಗಳ ಬಗ್ಗೆ ತೀರ್ಮಾನ ಮಾಡುವ ನಿಮಗೆಲ್ಲರಿಗೂ ಸೇರಿಸಿಯೇ ಈ ಪತ್ರ. ನಿಮ್ಮ ಕಚೇರಿಗಳು ಬೇರೆ ಬೇರೆ ಇರಬಹುದು. ಬೆಳಗ್ಗೆ ಬಾಗಿಲು ಎಳೆದುಕೊಂಡು ಹೊರಡುವ ನಮಗೆ ಮಾತ್ರ ಮನೆಯಿಂದ ಆಫೀಸಿಗೆ ಇರುವುದು ಒಂದೇ ದಾರಿ. ಅದರಲ್ಲಿ ಯಾವ ತುಂಡು ಯಾರದು ಅಂತ ನಾವು ನೋಡಲ್ಲ. ಎಲ್ಲಿ ತಪ್ಪಿದರೂ ಲೇಟ್ ಆಗುವುದು ನಮಗೇ.

ನಾನು ಇರುವುದು ಬಿಡದಿಯಲ್ಲಿ. ಕೆಲಸ ಎಂ.ಜಿ. ರೋಡ್ ಹತ್ತಿರದ ಒಂದು ಖಾಸಗಿ ಆಫೀಸಿನಲ್ಲಿ, ಲೆಕ್ಕಪತ್ರ ನೋಡುವುದು. ಬಿಡದಿಗೆ ಬಂದದ್ದು 2019ರಲ್ಲಿ. ಅದಕ್ಕೆ ಮೊದಲು 11 ವರ್ಷ ಚಾಮರಾಜಪೇಟೆಯಲ್ಲಿ ಬಾಡಿಗೆ ಮನೆ. ನಮ್ಮನೆಯವರಿಗೆ ಬಿಡದಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು, ಇತ್ತ ಬಾಡಿಗೆ ವರ್ಷ ವರ್ಷ ಏರುತ್ತಲೇ ಇತ್ತು, ಅತ್ತೆಗೆ ಎರಡನೇ ಮಹಡಿಯ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಇದೆಲ್ಲ ಒಟ್ಟಿಗೆ ಬಂದಾಗ ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಟ್ಟೆವು.

ಚಾಮರಾಜಪೇಟೆ ಕಂಡರೆ ನನಗೆ ಈಗಲೂ ಪ್ರೀತಿ. ಸೊಪ್ಪು ಬೇಕಾದರೆ ಕೆ.ಆರ್. ಮಾರ್ಕೆಟ್‌ಗೆ ನಡೆದೇ ಹೋಗುತ್ತಿದ್ದೆ. ಭಾನುವಾರ ಬೆಳಗ್ಗೆ ಅಡುಗೆ ಬೇಡ ಅನಿಸಿದರೆ ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್ ಮುಂದೆ ನಿಂತು ಇಡ್ಲಿ ತಿನ್ನುವುದು. ಅಲ್ಲಿ ಸಾಂಬಾರ್ ಇಲ್ಲ, ಚಟ್ನಿ ಮಾತ್ರ. ತಟ್ಟೆ ಹಿಡಿದು ಹೋದರೆ ಇನ್ನೊಂದು ಸೌಟು ಹಾಕುತ್ತಾರೆ, ಮತ್ತೆ ಹೋದರೆ ಮತ್ತೆ ಹಾಕುತ್ತಾರೆ. ಆಫೀಸಿಗೆ ಮಕ್ಕಳ ಕೂಟದ ಹತ್ತಿರ ಬಸ್ಸು ಹತ್ತಿದರೆ ಆಯಿತು. ಒಂದು ಬಸ್ಸು ತಪ್ಪಿದರೆ ಇನ್ನೊಂದು ಬರುತ್ತಿತ್ತು. ಟೈಂಟೇಬಲ್ ಅಂತ ಒಂದಿದೆ ಅನ್ನುವುದೇ ಆ 11 ವರ್ಷ ನನಗೆ ಗೊತ್ತಿರಲಿಲ್ಲ. ಊರೊಳಗೆ ಇರುವವರಿಗೆ ಸಿಗುವ ದೊಡ್ಡ ಅನುಕೂಲ ಅದೇ ಅಂತ ಈಗ ಅನಿಸುತ್ತದೆ. ಮಾಲ್, ಥಿಯೇಟರ್ ಎಲ್ಲ ಆಮೇಲಿನ ಮಾತು. ಒಂದು ತಪ್ಪಿದರೂ ಇನ್ನೊಂದು ಬರುತ್ತೆ ಅನ್ನುವ ಧೈರ್ಯ ಮೊದಲು.

ಬಿಡದಿಯಲ್ಲಿ ಆ ಧೈರ್ಯ ಒಂದು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಅತ್ತೆಗೆ ನೆಲದ ಮೇಲಿನ ಮನೆ, ಹಿತ್ತಿಲಲ್ಲಿ ಕರಿಬೇವಿನ ಗಿಡ. ಮಗಳಿಗೆ ಸೈಕಲ್ ಹೊಡೆಯೋಕೆ ರಸ್ತೆ. ಆಮೇಲೆ ತಟ್ಟೆ ಇಡ್ಲಿ.

ತಟ್ಟೆ ಇಡ್ಲಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಿಡದಿ ಅಂದರೆ ಬಹಳ ಜನಕ್ಕೆ ನೆನಪಾಗುವುದೇ ಅದು. ಹಳೇ ಮೈಸೂರು ರಸ್ತೆಯ ಪಕ್ಕ ನಾವು ಹೋಗುವ ಒಂದು ಸಣ್ಣ ಹೋಟೆಲ್ ಇದೆ. ಆರು ಗಂಟೆಗೆಲ್ಲ ಒಲೆ ಮೇಲೆ ದೊಡ್ಡ ಪಾತ್ರೆ, ಒಳಗೆ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ತಟ್ಟೆ. ಮುಚ್ಚಳ ತೆಗೆದಾಗ ಹಬೆ ಎದ್ದು ಎರಡು ಕ್ಷಣ ಅಡುಗೆಯವರ ಮುಖವೇ ಕಾಣಲ್ಲ. ಸ್ಟ್ಯಾಂಡು ಹೊರಗೆ ಎಳೆದು, ತಟ್ಟೆಗಳನ್ನು ಬಟ್ಟೆಯಲ್ಲಿ ಹಿಡಿದು, ಚಮಚದಿಂದ ಸುತ್ತ ಬಿಡಿಸಿ, ಬಾಳೆ ಎಲೆಗೆ ಕವುಚಿ ಹಾಕುತ್ತಾರೆ. ಮೇಲೊಂದು ಉಂಡೆ ಬೆಣ್ಣೆ. ಅದು ಕರಗುವುದರೊಳಗೆ ಕಾಯಿ ಚಟ್ನಿ ಬಂದಿರಬೇಕು. ಹಿಟ್ಟಿಗೆ ಸ್ವಲ್ಪ ಸಬ್ಬಕ್ಕಿ ಸೇರಿಸುತ್ತೇವೆ, ಅದಕ್ಕೇ ಇಷ್ಟು ಮೆತ್ತಗೆ ಅಂತ ಹೋಟೆಲ್ ಅಮ್ಮ ಹೇಳಿದರು. ಎರಡು ತಿಂದರೆ ಮಧ್ಯಾಹ್ನದವರೆಗೂ ಹಸಿವಿಲ್ಲ.

ಅದೇ ಅಮ್ಮ ಈಗ ಹಿಟ್ಟು ಕಡಿಮೆ ರುಬ್ಬುತ್ತಾರೆ. ಮೊದಲು ಶನಿವಾರ, ಭಾನುವಾರ ಹೋಟೆಲ್ ಮುಂದೆ ಕಾರು ನಿಲ್ಲಿಸಲು ಜಾಗ ಇರುತ್ತಿರಲಿಲ್ಲವಂತೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಹೆದ್ದಾರಿ ಉದ್ಘಾಟನೆ ಆಯಿತು. 118 ಕಿಲೋಮೀಟರ್. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲ ಊರಿಗೂ ಬೈಪಾಸ್. ಮೈಸೂರಿಗೆ ಹೋಗುವವರಿಗೆ ಅನುಕೂಲ ಆಗಿದೆ, ಆಗಲಿ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ಬೆಂಗಳೂರು ಬಿಟ್ಟ ಕಾರು ಈಗ ಬಿಡದಿಯನ್ನು ನೋಡುವುದೇ ಇಲ್ಲ. ತಟ್ಟೆ ಇಡ್ಲಿ, ಮದ್ದೂರು ವಡೆ, ಚನ್ನಪಟ್ಟಣದ ಬೊಂಬೆ, ಇವೆಲ್ಲ ದಾರಿಯಲ್ಲಿ ನಿಲ್ಲುವವರನ್ನು ನಂಬಿ ಬೆಳೆದವು. ಹೆದ್ದಾರಿ ಮಾಡುವಾಗ ಇವರ ಬಗ್ಗೆ ಒಂದು ಮಾತು ಯೋಚಿಸಬೇಕಿತ್ತು.

ಅದೇ ವರ್ಷ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬರುವಂತಿಲ್ಲ ಅಂತಾಯಿತು. ಕಾರಣ ಇತ್ತು. ಅಪಘಾತಗಳು ಜಾಸ್ತಿ ಆಗಿದ್ದವು. ಅದನ್ನು ಒಪ್ಪುತ್ತೇನೆ. ಆದರೆ ನಮ್ಮ ಬೀದಿಯಲ್ಲಿ ಕಾರು ಇರುವ ಮನೆ ಎರಡು, ಬೈಕು ಇಲ್ಲದ ಮನೆ ಒಂದೂ ಇಲ್ಲ. ಇಲ್ಲಿಂದ ಕೆಂಗೇರಿಗೆ ಕೆಲಸಕ್ಕೆ ಹೋಗುವ ಹುಡುಗರೆಲ್ಲ ಈಗ ಸರ್ವಿಸ್ ರಸ್ತೆ. ಲಾರಿ, ಬಸ್ಸು, ಎದುರಿನಿಂದ ಬರುವ ಬೈಕು, ಎಲ್ಲ ಅದರಲ್ಲೇ. ಅವರಿಗೆ ರಸ್ತೆ ಬೇಡ ಅನ್ನುವುದಾದರೆ ಬೇರೆ ದಾರಿ ಕೊಡಬೇಕಲ್ವಾ? ಆ ಬೇರೆ ದಾರಿ ಹೊಸದಾಗಿ ಮಾಡಬೇಕಿಲ್ಲ. ಅದು ನಮ್ಮ ಊರಿನ ಮಧ್ಯದಲ್ಲೇ ಇದೆ.

ಬೆಂಗಳೂರಿಂದ ಹೊರಟ ರೈಲು ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. ಆಗಿನಿಂದ ಆ ಹಳಿ ಬಿಡದಿಯಲ್ಲಿ ಇದೆ. ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು, ಒಂಟಿ ಹಳಿ ಜೋಡಿ ಹಳಿ ಆಯಿತು, ಕರೆಂಟ್ ತಂತಿ ಬಂತು. ನಗರ ರೈಲ್ವೆ ನಿಲ್ದಾಣಕ್ಕೆ ಇಲ್ಲಿಂದ ಸುಮಾರು 30 ಕಿಲೋಮೀಟರ್ ಅಷ್ಟೇ. ಹೆಜ್ಜಾಲ, ಕೆಂಗೇರಿ, ಜ್ಞಾನಭಾರತಿ, ನಾಯಂಡಹಳ್ಳಿ ದಾಟಿದರೆ ಮೆಜೆಸ್ಟಿಕ್. ತಿಂಗಳ ಪಾಸಿಗೆ ಕೊಡುವ ದುಡ್ಡು ಒಂದು ವಾರ ಮೆಟ್ರೊದಲ್ಲಿ ಹೋಗಿಬರುವ ದುಡ್ಡಿಗಿಂತ ಕಡಿಮೆ. ಮೈಸೂರು ರಸ್ತೆಯಲ್ಲಿ ಎಷ್ಟೇ ಟ್ರಾಫಿಕ್ ಇರಲಿ, ರೈಲಿಗೆ ಅದು ತಟ್ಟಲ್ಲ.

ನಾನು ಆರೂವರೆಗೆ ಮನೆ ಬಿಡುತ್ತೇನೆ. ಮಂಡ್ಯ ಕಡೆಯಿಂದ ಬರುವ ರೈಲು ಬಿಡದಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಬಾಗಿಲ ಹತ್ತಿರ ಸೊಪ್ಪಿನ ಮೂಟೆ ಇಟ್ಟುಕೊಂಡು ಮಾರ್ಕೆಟ್‌ಗೆ ಹೋಗುವ ಹೆಂಗಸರು ಕೂತಿರುತ್ತಾರೆ. ಕಾಲಿಡಲು ಜಾಗ ಇಲ್ಲದಿದ್ದರೂ 'ಬಾ ಅಕ್ಕ, ಒಳಗೆ ಬಾ' ಅಂತ ಮೂಟೆ ಒಂಚೂರು ಜರುಗಿಸುತ್ತಾರೆ. ಚನ್ನಪಟ್ಟಣದಿಂದ ಬರುವ ಒಬ್ಬರು ನಿಂತುಕೊಂಡೇ ಮಗಳ ಹೋಂವರ್ಕ್ ಬಗ್ಗೆ ಫೋನಿನಲ್ಲಿ ವಿಚಾರಿಸುತ್ತಾರೆ. ಕೆಂಗೇರಿ ದಾಟಿದ ಮೇಲೆ ನಗರದ ಕೊಳಚೆ ಹರಿಯುವ ವೃಷಭಾವತಿ ನದಿಯ ವಾಸನೆ ಬರುತ್ತದೆ. ಆಗ ಎಲ್ಲರ ಸೆರಗು, ದುಪಟ್ಟಾ ಮೂಗಿನ ಮೇಲೆ.

ಸಂಜೆ ವಾಪಸ್ ಬರುವಾಗ ಬೇರೆ ಥರ. ಚಳಿಗಾಲದಲ್ಲಿ, ಅವರೆಕಾಯಿ ಕಾಲದಲ್ಲಿ, ನಮ್ಮ ಗುಂಪಿನಲ್ಲಿ ಯಾರಾದರೂ ಒಬ್ಬರು ಎರಡು ಕೆ.ಜಿ. ಸೊಗಡಿನ ಅವರೆಕಾಯಿ ತಂದೇ ತರುತ್ತಾರೆ. ಕೂರಲು ಸೀಟು ಸಿಕ್ಕಿದರೆ ಮಡಿಲಲ್ಲಿ ಪೇಪರ್ ಹಾಸಿ ಎಲ್ಲರೂ ಸುಲಿಯುತ್ತೇವೆ. ಅದು ಮಾಗಡಿ ಕಡೆ ಬೆಳೆದದ್ದು, ಲಾರಿ ಹತ್ತಿ ಬೆಂಗಳೂರಿಗೆ ಹೋಗಿ, ನಮ್ಮ ಚೀಲದಲ್ಲಿ ರೈಲು ಹತ್ತಿ ವಾಪಸ್ ನಮ್ಮ ಜಿಲ್ಲೆಗೇ ಬರುತ್ತದೆ. ಬಿಡದಿ ಬರುವಷ್ಟರಲ್ಲಿ ಕಾಳು ಡಬ್ಬಿಗೆ, ಸಿಪ್ಪೆ ಚೀಲಕ್ಕೆ. ಮನೆಗೆ ಹೋಗಿ ನೆನೆಹಾಕಿದರೆ ಮರುದಿನ ಹಿತಕಿದ ಬೇಳೆ ಸಾರು. ಈ ರೈಲಿನ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಅಂತ ನಿಮಗೆ ಗೊತ್ತಾಗಲಿ ಅಂತಲೇ ಇದನ್ನು ಹೇಳಿದೆ. ಇದು ಬೇಡ ಅಂತ ನಾವು ಬರೆಯುತ್ತಿಲ್ಲ. ಇದೇ ಇನ್ನೂ ಬೇಕು ಅಂತ ಬರೆಯುತ್ತಿದ್ದೇವೆ.

ತೊಂದರೆ ಇರುವುದು ಎರಡು ರೈಲುಗಳ ನಡುವಿನ ಹೊತ್ತಿನಲ್ಲಿ. ಒಂದು ತಪ್ಪಿದರೆ ಮುಂದಿನದಕ್ಕೆ ತುಂಬಾ ಹೊತ್ತು. ಎಕ್ಸ್‌ಪ್ರೆಸ್ ರೈಲುಗಳು ಎಷ್ಟೋ ಹೋಗುತ್ತವೆ, ಬಿಡದಿಯಲ್ಲಿ ನಿಲ್ಲಲ್ಲ. ಅವು ಮುಂದೆ ಹೋಗಲಿ ಅಂತ ನಮ್ಮ ರೈಲನ್ನು ಪಕ್ಕದ ಲೈನಿಗೆ ಹಾಕಿ ನಿಲ್ಲಿಸುವುದೂ ಉಂಟು. ದೂರ ಹೋಗುವವರಿಗೆ ಬೇಗ ಮುಟ್ಟಬೇಕು, ಸರಿ. ಆದರೆ ದಿನಾ ಹೋಗುವವರ ಹತ್ತು ನಿಮಿಷಕ್ಕೂ ಬೆಲೆ ಇದೆ. ನನ್ನ ಆಫೀಸಿನಲ್ಲಿ ಹತ್ತು ನಿಮಿಷ ತಡವಾದರೆ ಅರ್ಧ ದಿನದ ರಜೆ ಬರೆಯುತ್ತಾರೆ.

ಹೋದ ವರ್ಷ ಮಳೆಗಾಲದ ಒಂದು ರಾತ್ರಿಯದನ್ನು ಹೇಳುತ್ತೇನೆ. ತಿಂಗಳ ಕೊನೆ, ಲೆಕ್ಕ ಮುಗಿಸುವಷ್ಟರಲ್ಲಿ ಎಂಟೂವರೆ. ನನ್ನ ರೈಲು ಹೋಗಿಯಾಗಿತ್ತು. ಮೆಟ್ರೊ ಹತ್ತಿ ಚಲ್ಲಘಟ್ಟಕ್ಕೆ ಬಂದೆ. ನೇರಳೆ ಮಾರ್ಗ ಕೆಂಗೇರಿಗೆ ಬಂದದ್ದು 2021ರ ಆಗಸ್ಟ್‌ನಲ್ಲಿ, ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಲ್ಲಿ. ಅದು ಬಂದಾಗ ಇನ್ನು ನಮ್ಮ ಕಷ್ಟ ಅರ್ಧ ಕಳೆಯಿತು ಅಂದುಕೊಂಡಿದ್ದೆ. ಆ ರಾತ್ರಿ ಎಂ.ಜಿ. ರೋಡ್‌ನಿಂದ ಚಲ್ಲಘಟ್ಟದವರೆಗೆ ಒಂದು ಹನಿ ಮಳೆ ತಾಗದೆ ಆರಾಮಾಗಿ ಬಂದೆ. ಮೆಟ್ಟಿಲಿಳಿದು ಹೊರಗೆ ಬಂದರೆ ಕತ್ತಲು, ಮಳೆ. ಬಿಡದಿ ಕಡೆಯ ಬಸ್ಸು ಒಂದೂ ಇಲ್ಲ. ಆಟೊದವರು ಬರಲು ಒಪ್ಪಲಿಲ್ಲ, ವಾಪಸ್ ಖಾಲಿ ಬರಬೇಕು ಮೇಡಂ ಅಂದರು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಒಬ್ಬರು 600 ಕೊಟ್ಟರೆ ಬರುತ್ತೇನೆ ಅಂದರು. ನನ್ನ ಜೊತೆ ಇನ್ನೂ ಮೂವರು ಹೆಂಗಸರು ನಿಂತಿದ್ದರು, ಒಬ್ಬಳು ಕಾಲೇಜಿನ ಹುಡುಗಿ, ಹೆಜ್ಜಾಲದವಳು. ಅವಳ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ನನ್ನ ಫೋನಿನಿಂದ ಅವಳ ಅಪ್ಪನಿಗೆ ಮಾಡಿದೆವು. ಆಮೇಲೆ ನಾಲ್ವರೂ ಸೇರಿ ಅದೇ ಆಟೊ ಮಾಡಿಕೊಂಡು, ಅವಳನ್ನು ಮನೆ ಬಾಗಿಲಿಗೆ ಬಿಟ್ಟು, ನಾನು ಮನೆ ಮುಟ್ಟಿದಾಗ ಹತ್ತೂಮುಕ್ಕಾಲು. ಮಗಳು ಮಲಗಿಬಿಟ್ಟಿದ್ದಳು. ಅತ್ತೆ ಬಾಗಿಲಲ್ಲೇ ಕೂತಿದ್ದರು.

ಮೆಟ್ರೊ 20 ಕಿಲೋಮೀಟರ್ ತಂದುಬಿಟ್ಟಿತು. ಉಳಿದ ಹತ್ತು ಹನ್ನೆರಡು ಕಿಲೋಮೀಟರ್‌ಗೆ ಅದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ದುಡ್ಡು, ಹೆಚ್ಚು ಭಯ. ಈ ಲೆಕ್ಕವನ್ನು ನೀವು ಒಮ್ಮೆ ನೋಡಬೇಕು. ಮೆಟ್ರೊ ದರವೂ 2025ರ ಫೆಬ್ರವರಿಯಲ್ಲಿ ಏರಿತು. ಹೆಚ್ಚಿನ ದರ 60 ರೂಪಾಯಿ ಇದ್ದದ್ದು 90 ಆಯಿತು. ದೂರದಿಂದ ಬರುವವರಿಗೇ ಹೊರೆ ಜಾಸ್ತಿ. ದೂರದಲ್ಲಿ ಇರುವವರು ಯಾರು? ಊರೊಳಗೆ ಬಾಡಿಗೆ ಕಟ್ಟಲು ಆಗದವರೇ ಅಲ್ವಾ?

ಒಳ್ಳೆಯದನ್ನೂ ಹೇಳಬೇಕು. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ. ಇಲ್ಲಿಂದ ಕೆಂಗೇರಿ ಉಪನಗರ, ರಾಜರಾಜೇಶ್ವರಿ ನಗರದ ಕಡೆಗೆ ಮನೆಕೆಲಸಕ್ಕೆ ಹೋಗುವವರಿಗೆ ಅದರಿಂದ ಎಷ್ಟು ಅನುಕೂಲ ಆಗಿದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ಬೀದಿಯ ಒಬ್ಬರು ಉಳಿದ ದುಡ್ಡಿನಲ್ಲಿ ಮಗನನ್ನು ಟ್ಯೂಷನ್‌ಗೆ ಸೇರಿಸಿದರು. ಬಸ್ಸು ಇನ್ನಷ್ಟು ಇದ್ದಿದ್ದರೆ ಅವರು ನೇತಾಡಿಕೊಂಡು ಹೋಗಬೇಕಿರಲಿಲ್ಲ, ಅಷ್ಟೇ.

ಇನ್ನು ಉಪನಗರ ರೈಲಿನ ವಿಚಾರ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗ ನಮ್ಮ ರೈಲಿನ ಗುಂಪಿನಲ್ಲಿ ಮೈಸೂರು ಪಾಕ್ ಹಂಚಿದವರಿದ್ದಾರೆ. ನಾಲ್ಕು ಮಾರ್ಗ, 148 ಕಿಲೋಮೀಟರ್, 15,767 ಕೋಟಿ ರೂಪಾಯಿ. ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಹೂವಿನ ಹೆಸರು. 2022ರ ಜೂನ್‌ನಲ್ಲಿ ಅಡಿಗಲ್ಲು ಹಾಕಿ 40 ತಿಂಗಳಲ್ಲಿ ಮುಗಿಸುತ್ತೇವೆ ಅಂದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿಯಿತು. ಆ ದಿನ ಬಂದಾಗ ಒಂದೇ ಒಂದು ಮಾರ್ಗದಲ್ಲೂ ರೈಲು ಓಡುತ್ತಿರಲಿಲ್ಲ. ಪಾರಿಜಾತ ನಮ್ಮ ಕಡೆಯದು, ಕೆಂಗೇರಿಯಿಂದ ವೈಟ್‌ಫೀಲ್ಡ್‌ಗೆ. ಅಂದರೆ ಅದು ಬಂದರೂ ಕೆಂಗೇರಿಯಲ್ಲಿ ನಿಲ್ಲುತ್ತದೆ. ಆಮೇಲೆ ಹೆಜ್ಜಾಲ, ಆಮೇಲೆ ಬಿಡದಿ. ಎರಡೇ ಸ್ಟೇಷನ್. ಊರು ಇಷ್ಟು ಬೆಳೆದಿರುವಾಗ ಕೆಂಗೇರಿಗೇ ಯಾಕೆ ನಿಲ್ಲಿಸಬೇಕು ಅಂತ ನಮಗೆ ಅರ್ಥ ಆಗಿಲ್ಲ.

ಈ ಊರಿಂದ ಬೆಂಗಳೂರಿಗೆ ಹೋಗುವವರು ಮಾತ್ರ ಇದ್ದಾರೆ ಅಂತಲೂ ಅಂದುಕೊಳ್ಳಬೇಡಿ. ಟೊಯೊಟಾ ಕಾರ್ಖಾನೆ ಬಿಡದಿಯಲ್ಲಿದೆ, ಅದರ ಸುತ್ತ ಬೇರೆ ಕಾರ್ಖಾನೆಗಳಿವೆ. ಬೆಳಗ್ಗೆ ಬೆಂಗಳೂರಿಂದ ಈ ಕಡೆ ಬರುವ ಕಂಪನಿ ಬಸ್ಸುಗಳ ಸಾಲು ನೋಡಿ. ರೈಲು ಹಾಕಿದರೆ ಬರುವಾಗಲೂ ತುಂಬುತ್ತದೆ, ಹೋಗುವಾಗಲೂ ತುಂಬುತ್ತದೆ. ಖಾಲಿ ಓಡುತ್ತೆ ಅನ್ನುವ ಮಾತು ಇಲ್ಲಿ ನಡೆಯಲ್ಲ.

ಈಗ ಬೈರಮಂಗಲ, ಕಂಚುಗಾರನಹಳ್ಳಿ ಕಡೆ ದೊಡ್ಡ ಟೌನ್‌ಶಿಪ್ ಮಾಡಲು ಜಮೀನು ತೆಗೆದುಕೊಳ್ಳಲು ಹೊರಟಿದ್ದೀರಿ. ರೈತರು ಬೇಡ ಅಂತ ಕೂತಿದ್ದಾರೆ. ಅವರ ಜಮೀನಿನ ಬಗ್ಗೆ ಮಾತಾಡಬೇಕಾದವರು ಅವರೇ. ನಾನು ಬಾಡಿಗೆಗೆ ಬಂದವಳು, ಆ ಬಗ್ಗೆ ಜಾಸ್ತಿ ಹೇಳುವುದು ಸರಿಯಲ್ಲ. ಆದರೆ ಒಂದು ಮಾತು. ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬಂದು ಬೈರಮಂಗಲ ಕೆರೆ ಸೇರುತ್ತಿರುವುದು ಇವತ್ತು ನಿನ್ನೆಯದಲ್ಲ. 2025ರಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರೂ ಬಂತು. ನಗರ ತನಗೆ ಬೇಡದ್ದನ್ನು ಇಲ್ಲಿಗೆ ಕಳಿಸಿದೆ, ತನ್ನ ಹೆಸರನ್ನೂ ಕೊಟ್ಟಿದೆ. ಸಂಜೆ ಕೆಲಸ ಮುಗಿಸಿದ ನಮ್ಮನ್ನು ಮನೆಗೆ ಕಳಿಸುವ ಏರ್ಪಾಡನ್ನೂ ಮಾಡಬೇಕು. ಹೊಸ ಊರು ಕಟ್ಟುವ ಮೊದಲು ಇರುವ ಊರಿಗೆ ರೈಲು ಕೊಡಿ.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಬಿಡದಿಗೆ ಮೆಟ್ರೊ ತರುತ್ತೇವೆ ಅನ್ನುವ ಮಾತು ಆಗಾಗ ಬರುತ್ತದೆ. ಬಂದರೆ ಸಂತೋಷ. ಆದರೆ ಕಂಬ ಎದ್ದು, ರೈಲು ಓಡುವಷ್ಟರಲ್ಲಿ ಸೈಕಲ್ ಹೊಡೆಯುವ ನನ್ನ ಮಗಳು ಕೆಲಸಕ್ಕೆ ಹೋಗುವ ವಯಸ್ಸಿಗೆ ಬಂದಿರುತ್ತಾಳೆ. ಅಲ್ಲಿಯವರೆಗೆ ಜೋಡಿ ಹಳಿಯ ಮೇಲೆ ಬೆಳಗ್ಗೆ ಆರರಿಂದ ಹತ್ತು, ಸಂಜೆ ನಾಲ್ಕರಿಂದ ರಾತ್ರಿ ಹತ್ತೂವರೆ, ರಾಮನಗರ ಮತ್ತು ಮೆಜೆಸ್ಟಿಕ್ ನಡುವೆ ಅರ್ಧ ಗಂಟೆಗೊಂದು ಮೆಮು, ಅಂದರೆ ಹತ್ತಿರದ ಊರುಗಳ ನಡುವೆ ಕರೆಂಟಿನಲ್ಲಿ ಓಡುವ ರೈಲು, ಓಡಿಸಿ. ಪಾರಿಜಾತ ಮಾರ್ಗವನ್ನು ಕಾಗದದ ಮೇಲೆ ಇರುವಾಗಲೇ ಬಿಡದಿಯವರೆಗೆ ಎಳೆಯಿರಿ, ಕಟ್ಟಿದ ಮೇಲೆ ಎಳೆಯುವುದು ಕಷ್ಟ. ಕೆಂಗೇರಿಯಲ್ಲಿ ರೈಲ್ವೆ ಸ್ಟೇಷನ್ ಒಂದು ಕಡೆ, ಮೆಟ್ರೊ ಸ್ಟೇಷನ್ ಇನ್ನೊಂದು ಕಡೆ ಇದೆ. ಮಧ್ಯೆ ವಯಸ್ಸಾದವರೂ ನಡೆಯುವಂಥ ಒಂದು ಫುಟ್‌ಪಾತ್, ದೀಪ ಹಾಕಿಸಿ. ಮೆಟ್ರೊ, ಬಸ್ಸು, ರೈಲಿಗೆ ಒಂದೇ ಪಾಸ್ ಮಾಡಿದರೆ ದಿನಾ ಓಡಾಡುವವರು ನಿಮ್ಮನ್ನು ಮರೆಯಲ್ಲ. ಬಿಡದಿ ಸ್ಟೇಷನ್ ಹೊರಗೆ ತಟ್ಟೆ ಇಡ್ಲಿ ಹೋಟೆಲಿನವರಿಗೆ ಹತ್ತು ಅಂಗಡಿ ಕಟ್ಟಿಕೊಡಿ. ಹೆದ್ದಾರಿಯಲ್ಲಿ ಕಳೆದುಕೊಂಡ ಗಿರಾಕಿ ಅವರಿಗೆ ರೈಲಿನಲ್ಲಿ ಸಿಗಬಹುದು. ಅರ್ಧ ಗಂಟೆಗೊಂದು ರೈಲು ಇದೆ ಅಂತ ಗೊತ್ತಾದರೆ ಬೆಂಗಳೂರಿನವರು ಭಾನುವಾರ ಇಡ್ಲಿ ತಿನ್ನಲೆಂದೇ ಬರುತ್ತಾರೆ. ಚಾಮರಾಜಪೇಟೆಯ ನನ್ನ ಹಳೇ ನೆರೆಯವರು ಬರುತ್ತೇವೆ ಅಂತ ಆರು ವರ್ಷದಿಂದ ಹೇಳುತ್ತಿದ್ದಾರೆ. ವಾಪಸ್ ಹೋಗುವುದು ಹೇಗೆ ಅನ್ನುವುದೊಂದೇ ಅವರ ಚಿಂತೆ.

ಇದರಲ್ಲಿ ಕೆಲವಕ್ಕೆ ವರ್ಷಗಳು ಬೇಕು, ಗೊತ್ತು. ಒಂದಕ್ಕೆ ಮಾತ್ರ ಬೇಡ. ಚಲ್ಲಘಟ್ಟ ಮೆಟ್ರೊ ಸ್ಟೇಷನ್ ಮುಂದೆ ರಾತ್ರಿ ಎಂಟರಿಂದ ಕೊನೆಯ ರೈಲಿನವರೆಗೆ ಬಿಡದಿ ಕಡೆಗೆ ಅರ್ಧ ಗಂಟೆಗೊಂದು ಬಸ್ಸು ಹಾಕಿ. ಹೆಜ್ಜಾಲದಲ್ಲಿ ನಿಲ್ಲಿಸಿಕೊಂಡು ಹೋಗಲಿ. ಕೊನೆಯ ಬಸ್ಸು ಕೊನೆಯ ಮೆಟ್ರೊದವರು ಮೆಟ್ಟಿಲಿಳಿದು ಬರುವವರೆಗೆ ಕಾಯಲಿ. ಅದಕ್ಕೆ ಹಳಿ ಹಾಕಬೇಕಿಲ್ಲ, ಜಮೀನು ಬೇಕಿಲ್ಲ, ಸಂಪುಟದ ಒಪ್ಪಿಗೆ ಬೇಕಿಲ್ಲ. ಈ ತಿಂಗಳ ಕೊನೆಗೆ ನನಗೆ ಮತ್ತೆ ಲೆಕ್ಕ ಮುಗಿಸುವ ಕೆಲಸ ಇದೆ. ಅಷ್ಟರೊಳಗೆ ಆ ಬಸ್ಸು ಬಂದಿರಲಿ.

ಇಂತಿ,
ಬಿಡದಿಯಿಂದ ದಿನಾ ಓಡಾಡುವ ಒಬ್ಬಳು